ಬೀಗದವರ ಫೈಲು

ಫೆಬ್ರವರಿ ೫, ಸೋಮವಾರ

ಬೆಳಿಗ್ಗೆ ಎಂಟಕ್ಕೇ ಔಷಧಿ ಕಪಾಟಿನ ಕೀಲಿ ಮುರಿಯಿತು. ಅರ್ಧ ನನ್ನ ಕೈಯಲ್ಲಿ, ಅರ್ಧ ಬೀಗದ ಹೊಟ್ಟೆಯಲ್ಲಿ. ಹೊರಗೆ ಬೆಂಚಿನ ಮೇಲೆ ಒಂಬತ್ತು ಜನ. ಕೌಂಟರಿನಾಕೆ ಎದುರು ಸಾಲಿನ ಕೀಲಿ ಅಂಗಡಿಯವರನ್ನು ಕರೆತಂದಳು. ಅರವತ್ತರ ಆಸುಪಾಸು, ತೆಳ್ಳಗಿನ ಆಳು. ಅಂಗಿ ಜೇಬಿನಲ್ಲಿ ಸಣ್ಣ ಕೊಕ್ಕೆಗಳ ಕಟ್ಟು. ಕಪಾಟಿನ ಮುಂದೆ ಮಂಡಿಯೂರಿ, ಬೀಗಕ್ಕೆ ಕಿವಿ ಕೊಟ್ಟು, ನಾಲ್ಕು ನಿಮಿಷದಲ್ಲಿ ತೆರೆದರು. ಆ ಕೈಯ ಹಿಡಿತ ನಮ್ಮಲ್ಲಿ ರಕ್ತ ತೆಗೆಯುವವರಿಗೂ ಇಲ್ಲ.

"ಸಿಸ್ಟರಮ್ಮ, ಈ ಬೀಗ ಹಾಕೋದೂ ಒಂದೇ, ಬಿಡೋದೂ ಒಂದೇ. ಕಳ್ಳ ಬಂದ್ರೆ ನೋಡಿ ನಕ್ಕು ಹೋಗ್ತಾನೆ."

ಏಳುವಾಗ ಎಡಗಾಲು ಸರಿಯಾಗಿ ಊರಲಿಲ್ಲ. ಕೇಳಿದೆ. "ಏನಿಲ್ಲ, ಶೂ ಕಚ್ಚಿದೆ." ಕೂರಿಸಿ ಸಾಕ್ಸ್ ತೆಗೆಸಿದೆ. ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ, ಅಂಗಿಯ ಗುಂಡಿಯಷ್ಟು ಗಾಯ. ನೋವೇ ಇಲ್ಲವಂತೆ. ನೋವಿಲ್ಲ ಎನ್ನುವುದೇ ಕೆಟ್ಟ ಸುದ್ದಿ. ಶುಗರ್ ಮುನ್ನೂರ ನಲವತ್ತು. ಕಂಪ್ಯೂಟರಿನಲ್ಲಿ ಹೆಸರು ಹಾಕಿ ನೋಡಿದರೆ ನಮ್ಮದೇ ರೋಗಿ, ಎರಡು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ. ಮಾತ್ರೆ "ನೆನಪಾದಾಗ" ತಿನ್ನುತ್ತಾರಂತೆ.

ಇನ್ಸುಲಿನ್ ಶುರು ಮಾಡಿದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಚುಚ್ಚಿಕೊಳ್ಳುವುದನ್ನು ತೋರಿಸಿದೆ, ಒಂದೇ ಸಲಕ್ಕೆ ಕಲಿತರು. ಮಾಹಿತಿ ಹಾಳೆ ಕೈಗಿಟ್ಟೆ. ಅಷ್ಟರಲ್ಲಿ ಬೆಂಚಿನ ಮೇಲೆ ಹದಿಮೂರು ಜನ.

ಬಾಗಿಲಿಗೆ ಹೊಸ ಬೋರ್ಡು ಬಂದಿದೆ. "ನರ್ಸ್ ಪ್ರಾಕ್ಟಿಷನರ್" ಎಂಬುದರಲ್ಲಿ ಎರಡು ಕಾಗುಣಿತ ತಪ್ಪು. ದೊಡ್ಡ ಡಾಕ್ಟರು ವಾರಕ್ಕೆ ಎರಡು ದಿನ ಮಾತ್ರ. ಉಳಿದ ದಿನ ನೋಡುವವಳೂ ನಾನೇ, ಔಷಧಿ ಬರೆಯುವವಳೂ ನಾನೇ. ಆದರೂ ಜನರ ಬಾಯಲ್ಲಿ ಸಿಸ್ಟರೇ. ತಪ್ಪು ತಿದ್ದಿಸುವ ಗೋಜಿಗೆ ಹೋಗಲಿಲ್ಲ.

ಫೆಬ್ರವರಿ ೮, ಗುರುವಾರ

ಬೀಗದವರು ಹೇಳಿದ ಹೊತ್ತಿಗೆ ಬಂದರು. ಜೊತೆಗೆ ಅವರ ಅಕ್ಕ. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದವರು. ಇಬ್ಬರೂ ಮದುವೆಯಾಗಿಲ್ಲ. ಅಂಗಡಿಯ ಮೇಲೇ ಮನೆ.

"ಇವನಿಗೆ ಹೇಳೋದಕ್ಕಿಂತ ಗೋಡೆಗೆ ಹೇಳೋದು ವಾಸಿ ಸಿಸ್ಟರ್. ಗೋಡೆ ಎದುರು ಮಾತಾಡಲ್ಲ."

"ಅಕ್ಕ ಮೂವತ್ತು ವರ್ಷ ಊರೋರ ಕಾಗದ ವಿಂಗಡಿಸಿದ್ಲು. ಈಗ ನನ್ನ ವಿಂಗಡಿಸ್ತಿದಾಳೆ."

ಡ್ರೆಸಿಂಗ್ ಮಾಡಿದೆ. ಶುಗರ್ ಇನ್ನೂ ಇನ್ನೂರ ತೊಂಬತ್ತು. ಎರಡೂ ಡೋಸ್ ಏರಿಸಿದೆ. ಹದಿನೈದಕ್ಕೆ ಬರಲು ಹೇಳಿದೆ.

ನನ್ನ ಭುಜ ಹಿಡಿದುಕೊಂಡಿದೆ. ಫಿಸಿಯೋ ಹೇಳಿದ ವ್ಯಾಯಾಮ ದಿನಕ್ಕೆ ಮೂರು ಸಲ. ಮಾಡಿದೆಯಾ ಎಂದು ಮಗಳು ಕೇಳಿದಳು. ಮಾಡಿದೆ ಎಂದೆ. ಹದಿನಾಲ್ಕರ ಹುಡುಗಿ, ಅವಳ ಮುಂದೆ ಸುಳ್ಳು ಹೇಳುವುದು ಸುಲಭವಲ್ಲ.

ಫೆಬ್ರವರಿ ೧೯, ಸೋಮವಾರ

ಬೀಗದವರು ಹದಿನೈದಕ್ಕೂ ಬರಲಿಲ್ಲ, ಇವತ್ತೂ ಇಲ್ಲ. ಕೌಂಟರಿನಾಕೆ ಫೋನ್ ಮಾಡಿದ್ದಕ್ಕೆ "ಬರ್ತೀನಿ ಬರ್ತೀನಿ" ಅಂದರಂತೆ. ಅವರ ಮಾತಿನ ಹಿಂದೆ ಕೀಲಿ ಮಾಡುವ ಯಂತ್ರದ ಕಿರ್ರೋ ಸದ್ದು ಕೇಳಿಸುತ್ತಿತ್ತಂತೆ.

ಫೆಬ್ರವರಿ ೨೨, ಗುರುವಾರ

ಮೂವತ್ತಾರು ಜನ. ಒಬ್ಬರು ವಾಂತಿ, ಒಬ್ಬರು ಜಗಳ. ಟೀ ಎರಡು ಸಲ ಆರಿತು. ಸಂಜೆ ಟ್ರೇ ನೋಡಿದರೆ ಫೋನ್ ಸಂದೇಶದ ಹನ್ನೊಂದು ಚೀಟಿ. ಎಲ್ಲಕ್ಕೂ ಸಹಿ ಹಾಕಿ ಹೊರಬಿದ್ದೆ. ಮಗಳಿಗೆ ಶೂ ಕೊಡಿಸಬೇಕಿತ್ತು, ಅಂಗಡಿ ಏಳಕ್ಕೆ ಮುಚ್ಚುತ್ತದೆ. ಸಿಕ್ಕಿತು. ನೀಲಿ ಬಣ್ಣದ್ದು. ಅರ್ಧ ಸೈಜು ದೊಡ್ಡದೇ ತೆಗೆದುಕೊಂಡೆ.

ಫೆಬ್ರವರಿ ೨೬, ಸೋಮವಾರ

ಬೀಗದವರು ಮೂರನೇ ಸಲವೂ ಗೈರು. ಕಂಪ್ಯೂಟರಿನಲ್ಲಿ ಬರೆದೆ: "ರೋಗಿ ಸಲಹೆ ಪಾಲಿಸುತ್ತಿಲ್ಲ." ಅದಕ್ಕೆ ಒಂದು ಗುಂಡಿಯೇ ಇದೆ. ಒತ್ತಿದರೆ ಸಾಕು, ಹೆಸರಿನ ಪಕ್ಕ ಕೆಂಪು ಚುಕ್ಕೆ ಬಂದು ಕೂರುತ್ತದೆ. ನಮ್ಮಲ್ಲಿ ಈಗ ಇಪ್ಪತ್ತೆಂಟು ಕೆಂಪು ಚುಕ್ಕೆ.

ಮಾರ್ಚ್ ೫, ಮಂಗಳವಾರ. ಮಧ್ಯಾಹ್ನ, ಸ್ಟೋರ್ ರೂಮಿನಲ್ಲಿ

ಬಂದರು. ಬಂದದ್ದಲ್ಲ, ಅಕ್ಕ ಎಳೆದು ತಂದದ್ದು. ಅಕ್ಕ ಹೊರಗೆ ಬೆಂಚಿನ ಮೇಲೆ ಕುಳಿತರು. "ನನ್ನ ಮುಂದೆ ಸುಳ್ಳು ಹೇಳ್ತಾನೆ, ನೀವೇ ಕೇಳ್ಕೊಳ್ಳಿ" ಎಂದರು.

ಸಾಕ್ಸ್ ತೆಗೆಯುವ ಮೊದಲೇ ವಾಸನೆ. ಹೆಬ್ಬೆರಳು ಕಪ್ಪಿಟ್ಟಿದೆ. ಗಾಯ ಆಳಕ್ಕಿಳಿದಿದೆ. ಕೆಂಪು ಹಿಮ್ಮಡಿಯವರೆಗೆ. ಶುಗರ್ ಮುನ್ನೂರ ತೊಂಬತ್ತು.

"ಇಂಜೆಕ್ಷನ್ ತಗೊಳ್ತಿದೀರಾ?"

"ಇಲ್ಲ."

"ಎಷ್ಟು ದಿನದಿಂದ?"

"ಅಕ್ಕ ಆಗ್ಲೇ ಹೇಳಿದಾಳಲ್ಲ. ಮತ್ತೆ ನಾನೇನ್ ಹೇಳ್ಲಿ."

ಅಕ್ಕನ ಮೇಲೆ ಹಾಕಿ ಜಾರಿಕೊಳ್ಳುತ್ತಿದ್ದಾರೆ ಎನ್ನಿಸಿತು. ಸಿಟ್ಟು ಬಂತು. ತೋರಿಸಲಿಲ್ಲ. ಇವತ್ತೇ ಆಸ್ಪತ್ರೆಗೆ ಸೇರಬೇಕು, ತಡಮಾಡಿದರೆ ಕಾಲು ಹೋಗಬಹುದು, ಜೀವಕ್ಕೂ ಅಪಾಯ ಎಂದೆ. ಒಂದೊಂದೇ ಮಾತು ಬಿಡಿಸಿ ಹೇಳಿದೆ. ತಿರುಗಿ ಹೇಳಿ ಎಂದರೆ ಚಾಚೂ ತಪ್ಪದೆ ಹೇಳಿದರು. ಬುದ್ಧಿ ಸ್ಪಷ್ಟ, ಜ್ವರವಿಲ್ಲ, ಗೊಂದಲವಿಲ್ಲ.

"ಹಾಸ್ಟೆಲ್‌ಗೆ ನಲವತ್ತು ಬೀಗ ಒಪ್ಕೊಂಡಿದೀನಿ. ಶನಿವಾರದೊಳಗೆ ಹಾಕ್ಬೇಕು. ಅದಾದ್ಮೇಲೆ ಕರ್ಕೊಂಡ್ಹೋಗಿ, ಎಲ್ಲಿಗೆ ಬೇಕಾದ್ರೂ."

"ಶನಿವಾರದವರೆಗೆ ಕಾಲು ಕಾಯಲ್ಲ."

"ಅದೂ ನನ್ನ ಹಾಗೇನೇ ಬಿಡಿ. ಯಾರ ಮಾತೂ ಕೇಳಲ್ಲ."

ನಗು ಬರಲಿಲ್ಲ. ನಿರಾಕರಣೆಯ ಫಾರಂ ಮುಂದಿಟ್ಟೆ. ಬೇಡ ಎನ್ನುವ ಹಕ್ಕು ಅವರದು, ಬೇಡ ಎಂದದ್ದಕ್ಕೆ ಸಾಕ್ಷಿ ಇಡಬೇಕಾದವಳು ನಾನು. ಸಾಲು ಸಾಲೂ ಓದಿದರು. "ಇಲ್ಲಿ 'ಎಲ್ಲ ಪರಿಣಾಮಗಳಿಗೂ ನಾನೇ ಹೊಣೆ' ಅಂತಿದೆ. ಎಲ್ಲ ಅಂದ್ರೆ ಎಷ್ಟು?" ಕಾನೂನಿನ ಭಾಷೆ ಅದು ಎಂದೆ. ಸಹಿ ಹಾಕಿದರು. ಅಕ್ಷರ ಮುತ್ತಿನಂತಿದೆ. ಆ್ಯಂಟಿಬಯಾಟಿಕ್ ಬರೆದುಕೊಟ್ಟೆ. ಅದನ್ನಾದರೂ ತಿನ್ನುತ್ತೇನೆ ಎಂದರು.

ಅಕ್ಕ ಬಾಗಿಲಲ್ಲಿ ನಿಂತು, "ಒಪ್ಪಿದ್ನಾ?" ಇಲ್ಲ ಎಂದು ತಲೆಯಾಡಿಸಿದೆ. "ನಾನು ಹೇಳಿದ್ದಕ್ಕೆ ನೀವೇನೂ ಹೇಳ್ಲೇ ಇಲ್ಲವಲ್ಲ ಸಿಸ್ಟರ್" ಎಂದರು. ಏನು ಹೇಳಿದ್ದು ಎಂದು ಕೇಳುವಷ್ಟರಲ್ಲಿ ಒಂದು ಮಗುವನ್ನು ಎತ್ತಿಕೊಂಡು ಯಾರೋ ಓಡಿ ಬಂದರು. ಮೂಗಿನಲ್ಲಿ ಮಣಿ. ತೆಗೆದೆ.

ಮಾರ್ಚ್ ೧೨, ಮಂಗಳವಾರ

ಮ್ಯಾನೇಜರ್ ಒಂದು ಪತ್ರ ತಂದರು. ಮಾತು ಮಾತಿಗೂ "ಪಾಲಿಸಿ ಏನಂದ್ರೆ" ಎನ್ನುವುದರಿಂದ ನಾನೂ ಕೌಂಟರಿನಾಕೆಯೂ ಅವರಿಗೆ ಪಾಲಿಸಿ ಎಂದೇ ಹೆಸರಿಟ್ಟಿದ್ದೇವೆ.

"ಪಾಲಿಸಿ ಏನಂದ್ರೆ ಮೇಡಂ, ಮೂರು ಸಲ ಬರ್ಲಿಲ್ಲ, ಔಷಧಿ ತಗೊಳ್ಲಿಲ್ಲ, ಆಸ್ಪತ್ರೆಗೂ ಹೋಗಲ್ಲ ಅಂತ ಬರ್ಕೊಟ್ಟಿದಾರೆ. ಇಂಥವರನ್ನ ಇಟ್ಕೊಂಡ್ರೆ ನಾಳೆ ನಮ್ಮ ತಲೆಗೇ ಬರೋದು. ಕೈಬಿಡೋಣ."

ಕೈಬಿಡಲು ಕಾನೂನಿದೆ. ಮೂವತ್ತು ದಿನದ ನೋಟಿಸು, ಬೇರೆ ಕ್ಲಿನಿಕ್ಕುಗಳ ಪಟ್ಟಿ, ಅಲ್ಲಿಯವರೆಗೆ ತುರ್ತು ಚಿಕಿತ್ಸೆ. ಮೂರೂ ಪತ್ರದಲ್ಲಿವೆ. ಗಾಯ ಕೊಳೆಯುತ್ತಿರುವ ಹೊತ್ತಿನಲ್ಲಿ ಕೈಬಿಡಬಹುದೇ ಎಂದು ಕೇಳಿದೆ. "ಅವರೇ ನಮ್ಮನ್ನ ಬಿಟ್ಟಿರೋದು" ಎಂದರು. ದೊಡ್ಡ ಡಾಕ್ಟರು ಸಹಿ ಹಾಕಿಯಾಗಿತ್ತು. ಕೆಳಗೆ ನನ್ನ ಹೆಸರು ಟೈಪಾಗಿತ್ತು. ಹಾಕಿದೆ. ರಿಜಿಸ್ಟರ್ಡ್ ಪೋಸ್ಟ್.

ಮಾರ್ಚ್ ೨೮, ಗುರುವಾರ

ಹತ್ತೂವರೆಗೆ ಅಕ್ಕ ಒಬ್ಬರೇ ಬಂದರು. ಟೋಕನ್ ತೆಗೆದುಕೊಂಡು ಸರತಿಯಲ್ಲಿ ಕುಳಿತರು. ಸರತಿ ಬಂದಾಗ ಒಳಗೆ ಬಂದು ಆ ಪತ್ರವನ್ನು ಮೇಜಿನ ಮೇಲಿಟ್ಟರು. ಲಕೋಟೆಯನ್ನು ಅಂಚಿನಲ್ಲಿ ಅಚ್ಚುಕಟ್ಟಾಗಿ ಕತ್ತರಿಸಿತ್ತು.

"ಇದು ಬಂದಾಗ ಅವನು ಆಸ್ಪತ್ರೇಲಿದ್ದ. ಮಂಡಿ ಕೆಳಗೆ ತೆಗೆದ್ರು. ಹತ್ತು ದಿನ ಆಯ್ತು."

ಕೂತ್ಕೊಳ್ಳಿ ಅಮ್ಮ ಎಂದೆ. ಕೂರಲಿಲ್ಲ.

"ಇಂಜೆಕ್ಷನ್ ತಗೊಂಡ್ರೆ ಕೈ ನಡುಗುತ್ತೆ, ಬೆವರುತ್ತೆ ಅಂತ ನಾನೇ ಫೋನ್ ಮಾಡಿದ್ನಲ್ಲ. ಏನ್ ಮಾಡ್ಬೇಕು ಅಂತ ಕೇಳಿದ್ನಲ್ಲ. ಸಿಸ್ಟರ್ ವಾಪಸ್ ಮಾಡ್ತಾರೆ ಅಂದ್ರು. ಮೂರು ದಿನ ಫೋನ್ ಪಕ್ಕ ಕೂತಿದ್ದೆ. ನೀವು ಮಾಡಿದ್ದು ಇದು." ಪತ್ರದ ಮೇಲೆ ಬೆರಳಿಟ್ಟರು.

ಹೋದರು. ಮುಂದಿನವರನ್ನು ಕರೆದೆ. ಕೆಮ್ಮು. ಸ್ಟೆತಸ್ಕೋಪ್ ಇಟ್ಟೆ, ಏನೂ ಕೇಳಿಸಲಿಲ್ಲ. ಕಿವಿಗೆ ಹಾಕಿಕೊಂಡಿರಲಿಲ್ಲ.

ಮಾರ್ಚ್ ೨೯, ಶುಕ್ರವಾರ

ಹಳೆಯ ಚೀಟಿಗಳ ಡಬ್ಬ ಹುಡುಕಿದೆ. ಸಿಕ್ಕಿತು. ಕೌಂಟರಿನಾಕೆಯ ಕೈಬರಹ: "ಬೀಗದವರ ಅಕ್ಕ ಫೋನ್. ಇಂಜೆಕ್ಷನ್ ನಂತರ ಕೈ ನಡುಕ, ಬೆವರು. ನಿಲ್ಲಿಸಿದ್ದಾರೆ. ಏನು ಮಾಡಬೇಕು? ವಾಪಸ್ ಫೋನ್ ಮಾಡಿ." ಕೆಳಗೆ "ನೋಡಿದೆ", ನನ್ನ ಸಹಿ, ಫೆಬ್ರವರಿ ೨೨.

ನೋಡಿರಲಿಲ್ಲ. ನೋಡಿದೆ ಎಂದು ಬರೆದಿದ್ದೆ, ಅಷ್ಟೇ.

ಸಕ್ಕರೆ ತೀರಾ ಇಳಿದಾಗ ಕೈ ನಡುಗುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಡೋಸ್ ಏರಿಸಿದವಳು ನಾನು. ಮಧ್ಯಾಹ್ನ ಊಟ ಮಾಡುತ್ತಾರೋ ಇಲ್ಲವೋ ಎಂದು ಕೇಳಿದ ನೆನಪಿಲ್ಲ. ಫೈಲಿನಲ್ಲಿ ಹುಡುಕಿದೆ. ಕೇಳಿಲ್ಲ.

ಏಪ್ರಿಲ್ ೨, ಮಂಗಳವಾರ

ಅಕ್ಕ ನರ್ಸಿಂಗ್ ಕೌನ್ಸಿಲ್‌ಗೆ ದೂರು ಕೊಟ್ಟಿದ್ದಾರೆ. ಅದರ ಒಂದು ಪ್ರತಿ ನಮ್ಮ ಕ್ಲಿನಿಕ್‌ಗೆ ಬಂತು. ನಾಲ್ಕು ಪುಟ, ಪ್ರತಿ ಸಾಲಿಗೂ ತಾರೀಕು, ಹೊತ್ತು. ಕಾಗದ ವಿಂಗಡಿಸಿದ ಕೈ.

ಪಾಲಿಸಿಯ ರೂಮಿನಲ್ಲಿ ಸಭೆ. ಇನ್ಶೂರೆನ್ಸ್ ಕಡೆಯ ವಕೀಲರೂ ಬಂದಿದ್ದರು. ನೆಗಡಿಯಾಗಿತ್ತು ಅವರಿಗೆ. ಮಾತಿನ ನಡುವೆ ಸೀನು, ಸೀನಿನ ನಡುವೆ ಮಾತು.

"ನಿರಾಕರಣೆ ಫಾರಂ ಗಟ್ಟಿಯಾಗಿದೆ. ನೋಟಿಸೂ ಪರವಾಗಿಲ್ಲ. ತೂತಿರೋದು ಒಂದೇ ಕಡೆ, ಈ ಚೀಟಿ." ಸೀನಿದರು. "ನಿಮ್ಮ ಹತ್ರ ಖಾಸಗಿ ಟಿಪ್ಪಣಿ, ಡೈರಿ, ಏನಾದ್ರೂ ಇದ್ಯಾ?"

"ಇದೆ."

"ಯಾರೂ ಕೇಳೋವರೆಗೆ ಹೇಳ್ಬೇಡಿ. ಕೇಳಿದ್ಮೇಲೆ ಹರಿದು ಹಾಕ್ಬೇಡಿ." ಮತ್ತೆ ಸೀನು.

ವಕೀಲರು ಹೋದ ಮೇಲೆ ಪಾಲಿಸಿ ಬಾಗಿಲು ಮುಚ್ಚಿದರು.

"ಮೇಡಂ, ನೀವು ಆವತ್ತು ಫೋನ್ ಮಾಡೇ ಇರ್ತೀರಿ. ಗಡಿಬಿಡೀಲಿ ಬರೆಯೋದು ಮರೆತಿರ್ತೀರಿ. ಕಂಪ್ಯೂಟರಲ್ಲಿ ತಡವಾದ ನಮೂದು ಅಂತ ಜಾಗ ಇದೆ. 'ಫೋನ್ ಮಾಡಿ ಸಲಹೆ ಕೊಟ್ಟೆ', ಒಂದು ಸಾಲು. ಅದು ಸುಳ್ಳಲ್ಲ, ನೆನಪು."

"ಫೋನ್ ಮಾಡಿಲ್ಲ ಸರ್."

"ನೆನಪಿಸ್ಕೊಳ್ಳಿ ಅಂದೆ. ಶುಕ್ರವಾರದವರೆಗೆ ಟೈಮಿದೆ."

ಏಪ್ರಿಲ್ ೩, ಬುಧವಾರ

ಟೀ ಹೊತ್ತಿನಲ್ಲಿ ಕೌಂಟರಿನಾಕೆ ಸ್ಟೋರ್ ರೂಮಿಗೆ ಬಂದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ನನ್ನನ್ನೂ ಕರೆಸಿದ್ರು ಮೇಡಂ. ನೀವು ಫೋನ್ ಮಾಡಿದ್ದನ್ನ ನೋಡಿದೆ ಅಂತ ಹೇಳ್ತೀಯಾ ಅಂದ್ರು. ಆ ಮಾತು ನನ್ನ ಬಾಯಿಂದ ಬರಲ್ಲ. ಆದ್ರೆ ನೀವು ಬರೆದ್ರೆ ನಾನು ಅಡ್ಡ ಬರಲ್ಲ. ನನಗೂ ಸಂಸಾರ ಇದೆ."

ಸರಿ ಎಂದೆ. ಟೀ ಕುಡಿದಳು. ಲೋಟ ತೊಳೆದಿಟ್ಟು ಹೋದಳು.

ಸಂಜೆ ಮನೆಯಲ್ಲಿ ಇವರಿಗೆ ಹೇಳಿದೆ. ಇವರದು ನೀರಿನ ಮೀಟರ್ ಓದುವ ಕೆಲಸ. ಶೂ ಪಾಲಿಶ್ ಮಾಡುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಬರೆದುಬಿಡು. ಒಂದು ಸಾಲು ತಾನೇ. ನಾಯಿ ಇರೋ ಮನೆ ಮೀಟರನ್ನ ನಾನೂ ಗೇಟಿನಾಚೆಯಿಂದ್ಲೇ ಓದ್ತೀನಿ."

"ತಪ್ಪು ಓದಿದ್ರೆ?"

"ಮುಂದಿನ ತಿಂಗಳು ಸರಿಹೋಗುತ್ತೆ."

"ಇದು ಸರಿಹೋಗಲ್ಲ ರೀ."

ಆಗ ಕೈ ನಿಲ್ಲಿಸಿದರು. "ಕೆಲಸ ಹೋದ್ರೆ?" ಎಂದರು. ಗೊತ್ತಿಲ್ಲ ಎಂದೆ. ಮಗಳು ಹೋಂವರ್ಕ್ ಮಾಡುವವಳಂತೆ ಬಗ್ಗಿಕೊಂಡಿದ್ದಳು. ಪೆನ್ನು ಓಡುತ್ತಿರಲಿಲ್ಲ.

ಏಪ್ರಿಲ್ ೪, ಗುರುವಾರ

ಎರಡು ಸಲ ಆ ಪರದೆ ತೆರೆದೆ. ತಡವಾದ ನಮೂದು. ಕರ್ಸರ್ ಮಿಣುಕುತ್ತದೆ. ಫೋನ್ ಮಾಡಿದ್ದರೆ ಏನು ಹೇಳುತ್ತಿದ್ದೆ ಎಂದು ಯೋಚಿಸಿದೆ. ಡೋಸ್ ಅರ್ಧ ಮಾಡಿ, ಊಟ ಬಿಡಬೇಡಿ, ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಿ, ನಾಳೆ ಬನ್ನಿ. ನಾಲ್ಕು ಮಾತು. ಒಂದೂವರೆ ನಿಮಿಷ.

ಅವನ್ನು ಈಗ ಟೈಪ್ ಮಾಡಿದರೂ ಚೆನ್ನಾಗಿಯೇ ಕಾಣುತ್ತವೆ. ಅದೇ ಹೆದರಿಕೆ.

ಏಪ್ರಿಲ್ ೫, ಶುಕ್ರವಾರ. ಬೆಳಿಗ್ಗೆ ೭:೫೦

ಎಲ್ಲರಿಗಿಂತ ಮೊದಲು ಬಂದೆ. ಬರೆದದ್ದು ಇದು. ಇಲ್ಲಿಯೂ ಇಡುತ್ತೇನೆ:

"ತಡವಾದ ನಮೂದು, ಬರೆದ ದಿನ ಏಪ್ರಿಲ್ ೫. ಫೆಬ್ರವರಿ ೨೨ರಂದು ರೋಗಿಯ ಅಕ್ಕನ ಫೋನ್ ಸಂದೇಶದ ಚೀಟಿಗೆ ಓದದೆ ಸಹಿ ಹಾಕಿದ್ದೇನೆ. ವಾಪಸ್ ಫೋನ್ ಮಾಡಿಲ್ಲ. ನಡುಕ ಮತ್ತು ಬೆವರು ನಾನು ಏರಿಸಿದ ಡೋಸ್‌ನಿಂದ ಆಗಿರುವ ಸಾಧ್ಯತೆ ಹೆಚ್ಚು. ಊಟದ ಹೊತ್ತು ವಿಚಾರಿಸಿರಲಿಲ್ಲ. ಫೆಬ್ರವರಿ ೨೬ರಂದು 'ಸಲಹೆ ಪಾಲಿಸುತ್ತಿಲ್ಲ' ಎಂದು ಬರೆಯುವಾಗ ಕಾರಣ ಕೇಳಿರಲಿಲ್ಲ."

ಸೇವ್ ಒತ್ತಿದೆ. "ಈ ನಮೂದನ್ನು ಮುಂದೆ ಬದಲಿಸಲಾಗದು, ಖಚಿತವೇ?" ಎಂದು ಕೇಳಿತು. ಖಚಿತ.

ಒಂಬತ್ತಕ್ಕೆ ಪಾಲಿಸಿ ಓದಿದರು. ಬಾಗಿಲಿಗೆ ಬಂದು ನಿಂತರು. "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ" ಎಂದರು. ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ಮುಖ ತಿರುಗಿಸಿ ಹೋದರು.

ಏಪ್ರಿಲ್ ೧೫, ಸೋಮವಾರ

ಪಾಲಿಸಿ ನನಗೆ ಗುಡ್ ಮಾರ್ನಿಂಗ್ ಹೇಳುವುದನ್ನು ನಿಲ್ಲಿಸಿದ್ದಾರೆ. ದೊಡ್ಡ ಡಾಕ್ಟರು ಮಾತ್ರ ಕೈ ತೊಳೆಯುತ್ತಾ, ನನ್ನ ಕಡೆ ನೋಡದೆ, "ನಾನೂ ಆ ನೋಟಿಸಿಗೆ ಓದದೇ ಸಹಿ ಹಾಕಿದ್ದೆ" ಎಂದರು. ಅದನ್ನು ಎಲ್ಲಿಯಾದರೂ ಬರೆಯುತ್ತೀರಾ ಎಂದು ಕೇಳಬೇಕೆನ್ನಿಸಿತು. ನಲ್ಲಿ ನಿಲ್ಲಿಸಿ ಹೊರಟರು.

ಮೇ ೧೪, ಮಂಗಳವಾರ

ವಿಚಾರಣೆ. ಉದ್ದನೆಯ ರೂಮು, ಉದ್ದನೆಯ ಮೇಜು, ಆಚೆ ಮೂವರು. ನಡುವಿನ ಹೆಂಗಸು ಅಧ್ಯಕ್ಷೆ, ನನಗಿಂತ ಹತ್ತು ವರ್ಷ ಹಿರಿಯ ನರ್ಸ್. ಗೋಡೆ ಪಕ್ಕದ ಕುರ್ಚಿಯಲ್ಲಿ ಅಕ್ಕ, ಮಡಿಲಲ್ಲಿ ಫೈಲು. ಬೀಗದವರು ಬಂದಿರಲಿಲ್ಲ, ಮೂರು ಮಹಡಿ, ಲಿಫ್ಟ್ ಕೆಟ್ಟಿತ್ತು.

ಡೈರಿ ಇದೆಯೇ ಎಂದು ಕೇಳಿದರು. ಇದೆ ಎಂದೆ. ಫೆಬ್ರವರಿ ೨೨ ಓದಿ ಎಂದರು.

ಓದಿದೆ. ಮೂವತ್ತಾರು ಜನ. ಟೀ ಆರಿದ್ದು. ಹನ್ನೊಂದು ಚೀಟಿ. ಅಲ್ಲಿಗೆ ನಿಲ್ಲಿಸಿದೆ. ಪೂರ್ತಿ ಓದಿ ಎಂದರು. ಮಗಳ ಶೂ, ನೀಲಿ ಬಣ್ಣ, ಅರ್ಧ ಸೈಜು ದೊಡ್ಡದು — ಎಲ್ಲ ಓದಿದೆ. ಅಕ್ಕನ ಕಡೆ ನೋಡಲಾಗಲಿಲ್ಲ.

ತೀರ್ಮಾನ ಅಲ್ಲೇ ಹೇಳಿದರು. ರೋಗಿಯ ನಿರಾಕರಣೆ ಕ್ರಮಬದ್ಧ, ಅದು ಅವರ ಹಕ್ಕು. ಆದರೆ ನಿರಾಕರಣೆಗೆ ಮೊದಲಿನ ನಿರ್ಲಕ್ಷ್ಯ ನನ್ನದು. ಗಾಯ ಉಲ್ಬಣಿಸಿದ್ದಾಗ ನೋಟಿಸು ಕೊಟ್ಟದ್ದು ಕ್ಲಿನಿಕ್ಕಿನ ತಪ್ಪು, ಅದನ್ನು ವಾಪಸ್ ಪಡೆಯಬೇಕು. ಔಷಧಿ ಬರೆಯುವ ನನ್ನ ಅಧಿಕಾರ ಮೂರು ತಿಂಗಳು ಅಮಾನತು. "ನೀವು ತಿದ್ದದೆ ಬರೆದದ್ದನ್ನು ಗಮನಿಸಿದ್ದೇವೆ" ಎಂದರು ಅಧ್ಯಕ್ಷೆ. ಇಲ್ಲದಿದ್ದರೆ ಒಂದು ವರ್ಷವಾಗುತ್ತಿತ್ತಂತೆ.

ಮೆಟ್ಟಿಲಿಳಿಯುವಾಗ ಎರಡನೇ ಮಹಡಿಯಲ್ಲಿ ಅಕ್ಕ ಸಿಕ್ಕಿದರು. ಕಂಬಿ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದರು. ನಿಂತೆ.

"ನನ್ನಿಂದ ತಪ್ಪಾಯ್ತು ಅಮ್ಮ."

"ಗೊತ್ತು. ಓದಿದೀನಿ." ಇನ್ನೊಂದು ಮೆಟ್ಟಿಲಿಳಿದರು. "ನೀವು ನಿಜ ಬರೆದ್ರಿ ಅಂತ ಅವನಿಗೆ ಕಾಲು ಬರಲ್ಲ. ಸುಳ್ಳು ಬರೆದಿದ್ರೆ ನಾನು ಹುಚ್ಚಿ ಅಂತ ಆಗ್ತಿತ್ತು. ಅಷ್ಟೇ ವ್ಯತ್ಯಾಸ. ನನಗೆ ಅದೂ ಬೇಕಿತ್ತು."

ಕೈ ಚಾಚಿದೆ. ಹಿಡಿಯಲಿಲ್ಲ. ಕಂಬಿ ಹಿಡಿದೇ ಇಳಿದರು.

ಮೇ ೧೮, ಶನಿವಾರ

ಹೋಗಬೇಡ ಎಂದರು ಇವರು. ಹೋದೆ.

ಕೀಲಿ ಅಂಗಡಿ ತೆರೆದಿತ್ತು. ಯಂತ್ರದ ಮುಂದೆ ಅಕ್ಕ, ಮೂಗಿನ ತುದಿಗೆ ಕನ್ನಡಕ. ಬೀಗದವರು ಒಳಗೆ ಎತ್ತರದ ಸ್ಟೂಲಿನ ಮೇಲೆ. ಪ್ಯಾಂಟಿನ ಎಡಗಾಲನ್ನು ಮಡಿಸಿ ಪಿನ್ ಹಾಕಿತ್ತು. "ಮೆಲ್ಲಗೆ, ಮೆಲ್ಲಗೆ... ಇನ್ನೊಂದು ಹಲ್ಲು... ಅಯ್ಯೋ, ಕಾಗದ ಕತ್ತರಿಸೋದಲ್ಲ ಅಕ್ಕ ಅದು!" ನನ್ನನ್ನು ಕಂಡು ಅಕ್ಕ ಯಂತ್ರ ನಿಲ್ಲಿಸಿ ಮೇಲೆ ಮನೆಗೆ ಹೋದರು.

"ಸಿಸ್ಟರಮ್ಮ, ಕೂತ್ಕೊಳ್ಳಿ. ಅಕ್ಕ ಮಾಡಿದ ಕೀಲಿ ಯಾವ ಬೀಗಕ್ಕೂ ಆಗಲ್ಲ, ನೋಡೋಕೆ ಮಾತ್ರ ಚೆನ್ನಾಗಿರ್ತವೆ."

ಕೂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅದನ್ನೆಲ್ಲ ಬಿಟ್ಟು ಕೇಳಿದೆ, "ಇಂಜೆಕ್ಷನ್ ಯಾಕೆ ಬಿಟ್ರಿ?"

ಕೈಯಲ್ಲಿದ್ದ ಕೊಕ್ಕೆಯನ್ನು ಒಂದು ಸುತ್ತು ತಿರುಗಿಸಿದರು.

"ಈಗ ಕೇಳಿದ್ರಲ್ಲ. ಹೇಳ್ತೀನಿ. ಫೆಬ್ರವರಿ ಹದಿನಾಲ್ಕು. ಈ ಹಿಂದಿನ ಬೀದೀಲಿ ಒಂದು ಮನೆ. ಎರಡು ವರ್ಷದ ಮಗು ಬಚ್ಚಲಮನೆ ಒಳಗೆ ಬೀಗದ ಗುಂಡಿ ಒತ್ತಿಬಿಟ್ಟಿದೆ. ಒಳಗೆ ನಲ್ಲಿ ಬಿಟ್ಟಿದೆ, ಟಬ್ ತುಂಬ್ತಾ ಇದೆ. ತಾಯಿ ಕಿರುಚ್ತಿದಾಳೆ. ನನಗೆ ಅದು ಒಂದು ನಿಮಿಷದ ಕೆಲಸ. ಕೊಕ್ಕೆ ಹಾಕಿದೆ. ಕೈ ನಿಲ್ಲಲಿಲ್ಲ ಸಿಸ್ಟರಮ್ಮ. ಹೀಗೆ" — ಕೈ ನಡುಗಿಸಿ ತೋರಿಸಿದರು — "ಬೆವರು ಕಣ್ಣಿಗೆ ಇಳೀತಿದೆ. ಬೀಗ ಎರಡೆರಡು ಕಾಣ್ತಿದೆ. ಕೊಕ್ಕೆ ಮೂರು ಸಲ ಕೆಳಗೆ ಬಿತ್ತು. ಮಗು ಅಳೋದು ಕೇಳಿಸ್ತಿತ್ತು, ಆಮೇಲೆ ಕೇಳಿಸ್ಲಿಲ್ಲ."

"ಆಮೇಲೆ?"

"ಪಕ್ಕದ ಮನೆಯವ್ರು ಬಾಗಿಲು ಒಡೆದ್ರು. ಮಗು ಸೋಪಿನ ಜೊತೆ ಆಟ ಆಡ್ತಿತ್ತು. ಏನೂ ಆಗಿರ್ಲಿಲ್ಲ." ನಗಲು ನೋಡಿದರು. "ಆ ತಾಯಿ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಕುಡಿದು ಬಂದಿದೀನಿ ಅಂದ್ಕೊಂಡ್ಲು. ಮನೆಗೆ ಬಂದು ಇಂಜೆಕ್ಷನ್ ಎತ್ತಿಟ್ಟೆ. ಕಾಲು ಹೋದ್ರೆ ಹೋಗ್ಲಿ, ಕೈ ಇರ್ಲಿ ಅಂತ."

ಮಧ್ಯಾಹ್ನ ಊಟ ಮಾಡುತ್ತಿರಲಿಲ್ಲವಂತೆ. ಮೂವತ್ತು ವರ್ಷದಿಂದ. ಅಂಗಡಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲವಂತೆ.

ಸಕ್ಕರೆ ಇಳಿದಾಗ ಕೈ ನಡುಗುವುದರ ಬಗ್ಗೆ ಹೇಳಿದೆ. ಎರಡು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡಿದ್ದರೆ ಹತ್ತು ನಿಮಿಷದಲ್ಲಿ ನಿಲ್ಲುತ್ತಿತ್ತು ಎಂದೆ. ಹೇಳಬಾರದಿತ್ತೇನೋ. ಹೇಳದೆ ಇರುವುದೂ ತಪ್ಪು.

ಅವರು ಕೊಕ್ಕೆಯನ್ನು ಕಟ್ಟಿಗೆ ಸೇರಿಸಿದರು. "ಎರಡು ಚಮಚ" ಎಂದರು. ಗಿರಾಕಿ ಬಂದರು. ಎದ್ದೆ.

ಜೂನ್ ೧೧, ಮಂಗಳವಾರ

ಬರೀ ನರ್ಸ್ ಆಗಿ ನಾಲ್ಕು ವಾರ. ಬಿ.ಪಿ. ನೋಡುವುದು, ಗಾಯ ಕಟ್ಟುವುದು, ಸೂಜಿ. ದಿನಾ ಬೇರೆ ಡಾಕ್ಟರು ಬಂದು ಔಷಧಿ ಬರೆಯುತ್ತಾರೆ. ಸಂಜೆ ಐದಕ್ಕೆ ಬಿಡುಗಡೆ. ಬಾಗಿಲ ಬೋರ್ಡಿನ ಮೇಲೆ ಪಾಲಿಸಿ ಬಿಳಿ ಕಾಗದ ಅಂಟಿಸಿದ್ದಾರೆ. ತಪ್ಪು ಕಾಗುಣಿತ ಮುಚ್ಚಿಹೋಗಿದೆ.

ಬಿಡುವಿನಲ್ಲಿ ಕೆಂಪು ಚುಕ್ಕೆಯವರಿಗೆ ಫೋನ್ ಮಾಡುತ್ತಿದ್ದೇನೆ. ಅದಕ್ಕೆ ಅಧಿಕಾರ ಬೇಕಿಲ್ಲ. ದಿನಕ್ಕೆ ಇಬ್ಬರು. ಒಬ್ಬರು ಮಾತ್ರೆ ನುಂಗಲಾಗದೆ ಬಿಟ್ಟಿದ್ದರು, ಗಂಟಲಲ್ಲೇ ನಿಲ್ಲುತ್ತದಂತೆ. ಒಬ್ಬಾಕೆಯ ಮಾತ್ರೆಯನ್ನು ಗಂಡ ಅಡಗಿಸಿಡುತ್ತಾನೆ. ಒಬ್ಬರು ಸುಮ್ಮನೆ, "ಬೇಜಾರು" ಎಂದರು. ಅದನ್ನೂ ಬರೆದುಕೊಂಡೆ.

ಜುಲೈ ೨೯, ಸೋಮವಾರ

ಕೌಂಟರಿನಾಕೆ ಹೇಳಿದಳು: ನೋಟಿಸು ವಾಪಸ್ ಪಡೆದ ಪತ್ರದ ಜೊತೆ ಬೇರೆ ಕ್ಲಿನಿಕ್ಕಿಗೆ ಹೋಗುವ ಆಯ್ಕೆಯೂ ಇತ್ತು. ಅಕ್ಕ ಬೇರೆ ಕಡೆಗೆ ಟಿಕ್ ಹಾಕಿ ಕಳಿಸಿದ್ದಾರೆ. ಎರಡು ದಿನದ ಮೇಲೆ ಬೀಗದವರೇ ಇನ್ನೊಂದು ಪತ್ರ ಕಳಿಸಿದ್ದಾರೆ: ಕುಂಟಿಕೊಂಡು ಊರಾಚೆಗೆ ಹೋಗಲಾಗದು, ಎದುರು ಸಾಲಿಗೇ ಬರುತ್ತೇನೆ. ಅದೇ ಮುತ್ತಿನಂಥ ಅಕ್ಷರ. ಈಗ ಅಕ್ಕ ತಮ್ಮನ ಜೊತೆ ಮಾತು ಬಿಟ್ಟಿದ್ದಾರಂತೆ.

ಆಗಸ್ಟ್ ೧೯, ಸೋಮವಾರ. ಬೆಳಿಗ್ಗೆ ೧೧:೪೦

ಅಧಿಕಾರ ವಾಪಸ್ ಬಂದು ನಾಲ್ಕನೇ ದಿನ. ಏಳನೇ ಟೋಕನ್ ಬೀಗದವರು. ಊರುಗೋಲಿನಲ್ಲಿ ಬಂದರು. ಕೃತಕ ಕಾಲು ಕೊಟ್ಟಿದ್ದಾರೆ, ಹಾಕಿಕೊಳ್ಳುವುದಿಲ್ಲ, ಚೀಲದಲ್ಲಿ ತಂದಿದ್ದರು. "ಇದಕ್ಕೂ ಶೂ ಕಚ್ಚುತ್ತಾ ಅಂತ ಕೇಳೋಣ ಅಂತ."

ಬಲಗಾಲು ನೋಡಿದೆ, ಬೆರಳು ಬೆರಳಿನ ಸಂದಿಯೂ. ಚೆನ್ನಾಗಿದೆ. ಬೆಳಗಿನ ಇನ್ಸುಲಿನ್ ಒಂದು ದಿನವೂ ತಪ್ಪಿಲ್ಲ. ಮಧ್ಯಾಹ್ನ ಊಟವನ್ನು ಅಕ್ಕ ಅಂಗಡಿಗೇ ತಂದಿಟ್ಟು, ಮಾತಾಡದೆ, ತಿಂದು ಮುಗಿಸುವವರೆಗೆ ಎದುರು ನಿಲ್ಲುತ್ತಾರಂತೆ. ಆದರೆ ಸಂಜೆಯ ಡೋಸ್ ಹದಿನಾಲ್ಕು ದಿನದಲ್ಲಿ ಒಂಬತ್ತು ಸಲ ಇಲ್ಲ. ಶುಗರ್ ಇನ್ನೂರ ಅರವತ್ತು.

ಪರದೆಯ ಮೇಲೆ ಆ ಗುಂಡಿ ಇದೆ. ಹೊರಗೆ ಬೆಂಚಿನ ಮೇಲೆ ಹನ್ನೆರಡು ಜನ. ಪಾಲಿಸಿ ಎರಡು ಸಲ ಬಾಗಿಲಲ್ಲಿ ಇಣುಕಿ ಗಡಿಯಾರ ನೋಡಿ ಹೋದರು.

"ಸಂಜೆದು ಯಾಕೆ ತಗೊಳ್ತಿಲ್ಲ?"

"ಅದು ದೊಡ್ಡ ಕಥೆ ಸಿಸ್ಟರಮ್ಮ."

"ಹೇಳಿ."

"ನಿಮಗೆ ಟೈಮ್ ಇದ್ಯಾ?"

ಕುರ್ಚಿ ಎಳೆದು ಅವರ ಎದುರು ಹಾಕಿಕೊಂಡೆ. ನೀರು ಕೇಳಿದರು. ಕೌಂಟರಿನಾಕೆ ತರಲು ಹೋಗಿದ್ದಾಳೆ. ಅಷ್ಟರಲ್ಲಿ ಇಷ್ಟು ಬರೆದೆ. ನೀರು ಬಂತು. ಕುಡಿದು ಲೋಟ ಕೆಳಗಿಟ್ಟರು. "ಸಂಜೆ ಆರಾದ್ರೆ" ಎನ್ನುತ್ತಿದ್ದಾರೆ, "ಅಂಗಡಿ ಮುಚ್ಚಿ ನಾನು ಮೇಲೆ ಹತ್ತಬೇಕಲ್ಲ, ಆಗ" —